4 ಜಿಬಿ ಕಾರ್ಡಿನಲ್ಲಿ ಕಂಡ ಸೂರ್ಯಾಸ್ತ

ಸಿನಿಮಾ ವಿಮರ್ಶಕರಿಗೆ ಒಂದು ಅನುಕೂಲ ಇದೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ನೋಡಿದರೂ ಕುಣಿಗಲ್ಲಿನ ಟಾಕೀಸಿನಲ್ಲಿ ನೋಡಿದರೂ ಅದು ಅದೇ ಸಿನಿಮಾ. ಪರದೆ ಮಾಸಿರಬಹುದು, ಸ್ಪೀಕರು ಗೊರಗೊರ ಅನ್ನಬಹುದು. ಆದರೆ ಟಿಕೆಟ್ಟಿಗೆ ಕಡಿಮೆ ದುಡ್ಡು ಕೊಟ್ರಿ ಅಂತ ನಾಯಕನ ಗಡ್ಡ ಅರ್ಧ ಉದುರಿಹೋಗಲ್ಲ, ಹಿಂದಿನ ಬೆಟ್ಟದ ಮೇಲಿನ ಮರಗಳು ಮಾಯವಾಗಲ್ಲ. ಗೇಮ್ ಬಗ್ಗೆ ಬರೆಯುವವರಿಗೆ ಈ ಭಾಗ್ಯ ಇಲ್ಲ. ನಾನು ಆಡಿದ ಆಟ, ನೀವು ಆಡುವ ಆಟ ಒಂದೇ ಅಂತ ಹೇಳೋಕೆ ಮೊದಲು ಇಬ್ಬರ ಕ್ಯಾಬಿನೆಟ್ಟನ್ನೂ ಬಿಚ್ಚಿ ಒಳಗೆ ಏನಿದೆ ಅಂತ ನೋಡಬೇಕು.

ಆದರೂ ವಿಮರ್ಶೆಗಳು ಬರೋದು ಒಂದೇ ಎತ್ತರದಿಂದ. ಲಕ್ಷ ರೂಪಾಯಿ ದಾಟಿದ ಕಾರ್ಡು, ಎಲ್ಲ ಸೆಟ್ಟಿಂಗೂ 'ಅಲ್ಟ್ರಾ', ಆಮೇಲೆ "ಕಣ್ಣಿಗೆ ಹಬ್ಬ" ಅನ್ನೋ ತೀರ್ಪು. 2022ರ ಕೊನೆಗೆ ಸ್ಟೀಮ್‌ನವರ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಜನರ ಹತ್ತಿರ ಇರುವ ಗ್ರಾಫಿಕ್ಸ್ ಕಾರ್ಡ್ ಅಂತ ಮೇಲೆ ಬಂದದ್ದು ಜಿಟಿಎಕ್ಸ್ 1650. 2019ರ ಏಪ್ರಿಲ್‌ನಲ್ಲಿ 149 ಡಾಲರಿಗೆ ಬಿಡುಗಡೆಯಾದ, ಬರೀ 4 ಜಿಬಿ ಮೆಮೊರಿಯ, ಎನ್ವಿಡಿಯಾದ ಬಡ ಸಂಬಂಧಿ. ಅಂದರೆ ಹೆಚ್ಚಿನ ಜನ ನೋಡುವ ಆಟ ಒಂದು, ವಿಮರ್ಶೆಗೆ ಒಳಗಾಗುವ ಆಟ ಇನ್ನೊಂದು. ಈ ಎರಡನೆಯದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಾನು ಮೊದಲನೆಯದರ ಬಗ್ಗೆ ಬರೀತೀನಿ.

ಆಟ: ರೆಡ್ ಡೆಡ್ ರಿಡೆಂಪ್ಷನ್ 2. ಹಳೇದಾಯ್ತಲ್ಲ ಗುರು ಅನ್ನಬೇಡಿ. ಬಜೆಟ್ ಕಾರ್ಡಿನವರು ಹೊಸ ಆಟ ಆಡೋದು ಅದು ಹಳೇದಾಗಿ, ಸೇಲಿಗೆ ಬಂದ ಮೇಲೇ. ಆಡಿದ ಜಾಗ: ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ, ನಮ್ಮ ಚಿಕ್ಕಪ್ಪನ ಮನೆ. ಯಂತ್ರ: ಚಿಕ್ಕಪ್ಪನ ಮಗನದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿದ ಅಸೆಂಬಲ್ಡ್ ಪಿಸಿ. ಹತ್ತನೇ ತಲೆಮಾರಿನ ಐ3, 8 ಜಿಬಿಯ ಒಂದೇ ಒಂದು ರ್‍ಯಾಮ್ ಕಡ್ಡಿ, 60 ಹರ್ಟ್ಸ್‌ನ ಮಾನಿಟರು, ಮತ್ತು ಮೇಲೆ ಹೇಳಿದ 1650. ಈ ಕಾರ್ಡ್ ನಮ್ಮಲ್ಲಿ ಇಷ್ಟು ಓಡೋಕೆ ಕಾರಣ ಸರಳ. ಇದು 75 ವ್ಯಾಟ್ ಮಾತ್ರ ಕುಡಿಯುತ್ತೆ. ಹೆಚ್ಚಿನ ಮಾಡೆಲ್ಲುಗಳಿಗೆ ಬೇರೆ ಪವರ್ ಕೇಬಲ್ಲೇ ಬೇಡ, ಮದರ್‌ಬೋರ್ಡಿನಿಂದಲೇ ಕರೆಂಟ್ ತಗೊಳ್ಳುತ್ತೆ. ಅಗ್ಗದ ಎಸ್‌ಎಂಪಿಎಸ್ ಇದ್ದರೂ ನಡೆಯುತ್ತೆ. ಸಂಜೆ ಹೊತ್ತಿಗೆ ವೋಲ್ಟೇಜ್ ಮಂಕಾಗುವ ಊರಿನಲ್ಲಿ ಇದು ಸಣ್ಣ ಗುಣ ಅಲ್ಲ.

ಆಟ ಊರಿಗೆ ಬಂದ ರೀತಿಯನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಇದೂ ಒಂದು ಸೆಟ್ಟಿಂಗೇ. ಡಬ್ಬದ ಮೇಲೆ ಬರೆದಿರುವ ಲೆಕ್ಕದ ಪ್ರಕಾರ ಇದಕ್ಕೆ 150 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ, ಬೇರೇನೂ ನೋಡದೆ ಇಳಿಸಿದರೆ 75 ದಿನ. ಹಾಗಾಗಿ ಬೆಂಗಳೂರಿನ ನನ್ನ ಬಾಡಿಗೆ ಮನೆಯ ಫೈಬರ್‌ನಲ್ಲಿ ಇಳಿಸಿ, ಎಕ್ಸ್‌ಟರ್ನಲ್ ಡ್ರೈವಿಗೆ ತುಂಬಿ, ಯಡಿಯೂರು ಕಡೆಯ ಬಸ್ಸಿನಲ್ಲಿ ತಂದದ್ದು.

ಇನ್ನು ತಮಾಷೆ ನೋಡಿ. ಈ ಆಟವನ್ನು ಮಾಡಿದ ರಾಕ್‌ಸ್ಟಾರ್‌ನ ಸ್ಟುಡಿಯೋಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ, ಇದರ ಕೆಲಸದಲ್ಲಿ ಅವರ ಕೈಯೂ ಇದೆ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಶುರು ಮಾಡಿದ ಧ್ರುವ ಇಂಟರಾಕ್ಟಿವ್, ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಸಾಮಾನು ಸರಂಜಾಮು ಚಿತ್ರಿಸಿಕೊಟ್ಟು ಬೆಳೆದ ಕಂಪನಿ, 2019ರಲ್ಲಿ ಇದೇ ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಹೋಯಿತು. ಎನ್ವಿಡಿಯಾ, ಎಎಂಡಿ, ಇಂಟೆಲ್ ಮೂವರೂ ಬೆಂಗಳೂರಿನಲ್ಲಿ ಎಂಜಿನಿಯರುಗಳನ್ನು ಕೂರಿಸಿದ್ದಾರೆ. ಎಎಂಡಿಯಂತೂ 2023ರ ನವೆಂಬರ್‌ನಲ್ಲಿ ಜಗತ್ತಿನಲ್ಲೇ ತನ್ನ ಅತಿದೊಡ್ಡ ಡಿಸೈನ್ ಸೆಂಟರ್ ಅಂತ ಇಲ್ಲೇ ಉದ್ಘಾಟಿಸಿತು. ಅಂದರೆ ಕಾರ್ಡಿನ ಕೆಲಸ, ಆಟದ ಕೆಲಸ ಎರಡೂ ನಡೆಯುವ ಊರಿನಿಂದ ಹೆಚ್ಚುಕಮ್ಮಿ ನೂರು ಕಿಲೋಮೀಟರ್ ದೂರದಲ್ಲಿ, ಒಬ್ಬ ಹುಡುಗ ಮೆನು ತೆರೆದುಕೊಂಡು ತನಗೆ ಅರ್ಥವಾಗದ ನಲವತ್ತು ಚಿಲ್ಲರೆ ಸಾಲುಗಳನ್ನು ನೋಡ್ತಾ ಕೂತಿದ್ದಾನೆ.

ಈ ಮೆನುವಿನಿಂದಲೇ ಶುರು ಮಾಡೋಣ. ನನ್ನ ಪ್ರಕಾರ ಸೆಟ್ಟಿಂಗ್ಸ್ ಮೆನು ಆಟದ ಮೊದಲ ದೃಶ್ಯ. ವಿಮರ್ಶೆ ಅಲ್ಲಿಂದಲೇ ಶುರುವಾಗಬೇಕು.

ರೆಡ್ ಡೆಡ್‌ನ ಮೆನು ದೊಡ್ಡ ಬುದ್ಧಿವಂತರು ಬರೆದ ಕೆಟ್ಟ ಬರಹ. ಮೇಲೆ ಒಂದು ಸ್ಲೈಡರ್ ಇದೆ. ಒಂದು ತುದಿಗೆ ಪರ್ಫಾರ್ಮೆನ್ಸ್, ಇನ್ನೊಂದು ತುದಿಗೆ ಕ್ವಾಲಿಟಿ. ಇದು 'ಲೋ', 'ಮೀಡಿಯಂ', 'ಹೈ' ತರಹದ ಪ್ರೀಸೆಟ್ ಅಂತ ಯಾರಿಗಾದರೂ ಅನಿಸುತ್ತೆ. ಆದರೆ ನಿಮ್ಮ ಕಾರ್ಡ್ ಯಾವುದು ಅಂತ ನೋಡಿಕೊಂಡು ಅದು ಒಳಗೊಳಗೇ ಬೇರೆ ಬೇರೆ ಸೆಟ್ಟಿಂಗ್ ಹಾಕುತ್ತೆ. ನನ್ನ ಕಂಪ್ಯೂಟರಿನಲ್ಲಿ ನಡುವೆ ಇಟ್ಟರೆ ಬರೋದು ಒಂದು, ಇವನದ್ದರಲ್ಲಿ ನಡುವೆ ಇಟ್ಟರೆ ಇನ್ನೊಂದು. "ನಾನೂ ನಡುವೇನೇ ಇಟ್ಟಿದೀನಿ ಅಣ್ಣ, ನಿನ್ ಥರ ಯಾಕೆ ಕಾಣಲ್ಲ?" ಅನ್ನೋ ಪ್ರಶ್ನೆಗೆ ಮೆನುವಿನಲ್ಲಿ ಉತ್ತರ ಇಲ್ಲ.

ಕೆಳಗಿಳಿದರೆ ಇನ್ನೂ ಚಂದ. 'ಅನ್‌ಲಾಕ್ಡ್ ವಾಲ್ಯುಮೆಟ್ರಿಕ್ ರೇಮಾರ್ಚ್ ರೆಸಲ್ಯೂಷನ್'. 'ಪ್ಯಾರಲ್ಯಾಕ್ಸ್ ಅಕ್ಲೂಷನ್ ಮ್ಯಾಪಿಂಗ್'. ಗ್ರಾಫಿಕ್ಸ್ ಪ್ರೋಗ್ರಾಮರುಗಳು ತಮ್ಮ ಕೋಡಿನಲ್ಲಿ ಇಟ್ಟುಕೊಂಡ ಹೆಸರನ್ನು ಹಾಗೇ ತಂದು ಜನರ ಮುಂದೆ ಇಟ್ಟಿದ್ದಾರೆ. ಆಟದ ಸಬ್‌ಟೈಟಲ್‌ಗಳು ಹತ್ತಕ್ಕೂ ಹೆಚ್ಚು ಭಾಷೆಯಲ್ಲಿವೆ, ಭಾರತದ ಒಂದು ಭಾಷೆಯೂ ಇಲ್ಲ. ಅದು ಬೇರೆ ಜಗಳ, ಇರಲಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಇದು ಇಂಗ್ಲಿಷ್ ಅಲ್ಲ. ಅದೇ 2019ರಲ್ಲಿ ಬಂದ ಗೇರ್ಸ್ 5 ನೋಡಿ. ಪ್ರತಿ ಸೆಟ್ಟಿಂಗಿನ ಪಕ್ಕ ಇದು ಕಾರ್ಡಿಗೆ ಭಾರವೋ, ಪ್ರೊಸೆಸರಿಗೆ ಭಾರವೋ, ಮೆಮೊರಿಗೆ ಭಾರವೋ, ಎಷ್ಟು ಭಾರ ಅಂತ ಬರೆದಿದ್ದಾರೆ. ಹೆಚ್ಚು ಮಾಡಿದರೆ ಹೇಗೆ ಕಾಣುತ್ತೆ, ಕಡಿಮೆ ಮಾಡಿದರೆ ಹೇಗೆ ಅಂತ ಚಿತ್ರ ತೋರಿಸ್ತಾರೆ. ಹೋಟೆಲಿನಲ್ಲಿ ರೇಟ್ ಬರೆದ ಬೋರ್ಡ್ ಇದ್ದ ಹಾಗೆ. ರೆಡ್ ಡೆಡ್‌ನಲ್ಲಿ ತಿಂದ ಮೇಲೆ ಬಿಲ್ಲು ಬರುತ್ತೆ.

ಆ ಬಿಲ್ಲನ್ನು ಎರಡು ವಾರಾಂತ್ಯ ಕೂತು ಒಂದೊಂದೇ ಸಾಲಾಗಿ ಓದಿದ್ವಿ. ಒಂದು ಬದಲಾಯಿಸೋದು, ಕುದುರೆ ಹತ್ತಿ ಅದೇ ದಾರಿಯಲ್ಲಿ ಹೋಗೋದು, ಬರೆದುಕೊಳ್ಳೋದು. ಓದ್ತಾ ಹೋದ ಹಾಗೆ ನನಗೆ ಗೊತ್ತಾದ ಸಂಗತಿ ಏನಂದ್ರೆ, ಈ ಆಟದ ಚೆಲುವು ಎಲ್ಲಿದೆಯೋ ಅಲ್ಲಿ ಅದು ಅಗ್ಗ. ದುಬಾರಿ ಇರುವ ಕಡೆಯೆಲ್ಲ ಚೆಲುವು ಕಮ್ಮಿ.

'ಲಾಂಗ್ ಶ್ಯಾಡೋಸ್' ಅಂತ ಒಂದು ಸೆಟ್ಟಿಂಗ್ ಇದೆ. ಬೆಳಿಗ್ಗೆ ಸಂಜೆ ಸೂರ್ಯ ಕೆಳಗಿದ್ದಾಗ ನೆರಳು ಉದ್ದಕ್ಕೆ ಚಾಚಿಕೊಳ್ಳೋದು. 1899ರ ಅಮೆರಿಕ, ದರೋಡೆಕೋರರ ಕಾಲ ಮುಗಿಯುತ್ತಿರುವ ಹೊತ್ತು, ಆರ್ಥರ್ ಮಾರ್ಗನ್ ಅನ್ನೋ ಮನುಷ್ಯ ತನ್ನ ಗುಂಪಿನ ಜೊತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡ್ತಾನೇ ಇದ್ದಾನೆ. ಈ ಕಥೆಯನ್ನು ಆಟ ಸಂಭಾಷಣೆಯಲ್ಲಿ ಹೇಳುವುದಕ್ಕಿಂತ ಹೆಚ್ಚಾಗಿ ಬೆಳಕಿನಲ್ಲಿ ಹೇಳುತ್ತೆ. ಅದರ ಅರ್ಧ ಕಥೆ ಇರೋದು ಸಂಜೆಯಲ್ಲಿ. ಆ ಸಂಜೆಗೆ ಬೇಕಾದ ಉದ್ದ ನೆರಳನ್ನು ಆನ್ ಮಾಡಿದರೆ ಫ್ರೇಮಿನ ಲೆಕ್ಕದಲ್ಲಿ ನಮಗೆ ವ್ಯತ್ಯಾಸವೇ ಕಾಣಲಿಲ್ಲ. ಅನಿಸೋಟ್ರಾಪಿಕ್ ಫಿಲ್ಟರಿಂಗ್, ಅಂದರೆ ದೂರಕ್ಕೆ ಓರೆಯಾಗಿ ಹೋಗುವ ದಾರಿಯ ಮಣ್ಣು ಮಸುಕಾಗದ ಹಾಗೆ ನೋಡಿಕೊಳ್ಳೋದು, 16ಕ್ಕೆ ಇಟ್ಟರೂ ಹೆಚ್ಚುಕಮ್ಮಿ ಪುಕ್ಕಟೆ.

ಇನ್ನೊಂದು ತುದಿಗೆ ಎಂಎಸ್‌ಎಎ. ಅಂಚುಗಳನ್ನು ನುಣುಪು ಮಾಡುವ ಹಳೇ ವಿಧಾನ. ಈ ಕಾಲದ ಎಂಜಿನ್ನುಗಳಲ್ಲಿ ಬೆಳಕಿನ ಲೆಕ್ಕ ಮಾಡುವ ಕ್ರಮವೇ ಬೇರೆ ಇರೋದರಿಂದ ಇದು ಆನೆ ಸಾಕಿದ ಹಾಗೆ. 1650 ಅದರ ಕೈಯಲ್ಲಿ ಮಂಡಿ ಊರುತ್ತೆ. ಪ್ರತಿಬಿಂಬಗಳಿಗೆ ಅಂತ ಬೇರೆ ಎಂಎಸ್‌ಎಎ ಇದೆ, ಅದನ್ನೂ ಮುಟ್ಟಬೇಡಿ. 'ಟ್ರೀ ಟೆಸಲೇಷನ್' ಅಂದರೆ ಮರದ ತೊಗಟೆಗೆ ಉಬ್ಬುತಗ್ಗು. ಕುದುರೆ ಮೇಲಿಂದ ತೊಗಟೆ ನೋಡೋರು ಯಾರು? ಹುಲ್ಲಿನ ದೂರ, ಮಂಜಿನ ರೆಸಲ್ಯೂಷನ್ ಎರಡೂ ಕಾರ್ಡಿನ ಬೆವರಿಳಿಸುತ್ತವೆ. ಇವೆರಡನ್ನು ಪೂರ್ತಿ ತೆಗೆದರೆ ಮಾತ್ರ ಬಯಲು ಬೋಳು ಬೋಳಾಗಿ, ಬೆಳಗಿನ ಮಂಜು ಚೌಕ ಚೌಕವಾಗಿ ಕಾಣೋಕೆ ಶುರುವಾಗುತ್ತೆ. ನಾವು ನಡುವೆಯೇ ಎಲ್ಲೋ ನಿಂತ್ವಿ.

ನೀರಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ನಾವು ಆಡುತ್ತಿದ್ದ ಮನೆಯಿಂದ ಜಲಾಶಯ ದೂರ ಇಲ್ಲ. ಶಿಂಷಾ ನದಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ್ದು. ಇದರ ವಿಶೇಷ ಸ್ವಯಂಚಾಲಿತ ಸೈಫನ್. ನೀರು ಒಂದು ಮಟ್ಟ ದಾಟಿತು ಅಂದರೆ ಗೇಟ್ ಎತ್ತೋಕೆ ಯಾರೂ ಬರಬೇಕಿಲ್ಲ, ತಾನಾಗೇ ಎಳೆದುಕೊಂಡು ಆಚೆ ಸುರಿಯುತ್ತೆ. ಊರಿನವರಿಗೆ ಆ ನೀರು ಚಂದವೂ ಹೌದು, ಭಯವೂ ಹೌದು. ಇಂಥ ನೀರಿನ ಪಕ್ಕದಲ್ಲಿ ಬೆಳೆದ ಹುಡುಗನಿಗೆ 'ವಾಟರ್ ಫಿಸಿಕ್ಸ್ ಕ್ವಾಲಿಟಿ' ಅನ್ನೋ ಸ್ಲೈಡರ್ ತೋರಿಸಿದರೆ ಮೊದಲು ಅದನ್ನೇ ಪೂರ್ತಿ ಬಲಕ್ಕೆ ಎಳೀತಾನೆ. ಎಳೆದ. ನದಿ ಪಕ್ಕ ಹೋದ ತಕ್ಷಣ ಫ್ರೇಮ್‌ಗಳು ದಬದಬ ಬಿದ್ದವು. ಅರ್ಧಕ್ಕೆ ತಂದು ನಿಲ್ಲಿಸಿದ್ವಿ. ಅರ್ಧದಿಂದ ಪೂರ್ತಿಗೆ ಅಲೆಯಲ್ಲಿ ಆಗುವ ವ್ಯತ್ಯಾಸ ಇಬ್ಬರ ಕಣ್ಣಿಗೂ ಸಿಗಲಿಲ್ಲ. ಆದರೆ ಈ ಆಟದಲ್ಲಿ ಆಳದ ನೀರಿಗೆ ಇಳಿದರೆ ಆರ್ಥರ್‌ನ ದಮ್ಮು ಕರಗ್ತಾ ಬರುತ್ತೆ, ಮುಗಿದರೆ ಮುಳುಗ್ತಾನೆ. ಸ್ಲೈಡರ್ ಎಲ್ಲಿಟ್ಟರೂ ಮುಳುಗ್ತಾನೆ. ನೀರು ಅಂದರೆ ಏನು ಅನ್ನೋದನ್ನ ಆಟ ಹೇಳೋದು ಅಲ್ಲಿ, ಮತ್ತು ಅದಕ್ಕೆ ಕಾರ್ಡಿನ ಹಂಗಿಲ್ಲ.

ಹಾಗಂತ ಎಲ್ಲ ಕಡೆ ಆಟ ಇಷ್ಟು ಉದಾರಿ ಅಲ್ಲ. ಟೆಕ್ಸ್ಚರ್ ವಿಷಯಕ್ಕೆ ಬನ್ನಿ. ಟೆಕ್ಸ್ಚರ್ ಅಂದರೆ ವಸ್ತುಗಳ ಮೈಮೇಲೆ ಅಂಟಿಸುವ ಚಿತ್ರ. ಗೋಡೆಯ ಬಣ್ಣ, ಕೋಟಿನ ನೂಲು, ಕುದುರೆಯ ಜೀನು. ಇದು ತಿನ್ನೋದು ಕಾರ್ಡಿನ ಮೆಮೊರಿಯನ್ನು, ಅದರ ಲೆಕ್ಕ ಮಾಡುವ ಶಕ್ತಿಯನ್ನಲ್ಲ. ಮೆಮೊರಿಯಲ್ಲಿ ಜಾಗ ಇರುವ ತನಕ ಹೆಚ್ಚು ಇಟ್ಟರೂ ವೇಗ ಕಡಿಮೆಯಾಗಲ್ಲ. ಈ ಆಟದಲ್ಲಿ 'ಅಲ್ಟ್ರಾ' ಟೆಕ್ಸ್ಚರ್ ಮಾತ್ರ ನೋಡುವ ಹಾಗಿದೆ. ಒಂದೇ ಒಂದು ಮೆಟ್ಟಿಲು ಇಳಿದು 'ಹೈ' ಇಡಿ, ಗೋಡೆ ಬಟ್ಟೆ ನೆಲ ಎಲ್ಲ ಮೇಣ ಸವರಿದ ಹಾಗೆ. ಬಜೆಟ್ ಕಾರ್ಡಿನವನು ಮೊದಲು ಏನು ಮಾಡ್ತಾನೆ? 'ಅಲ್ಟ್ರಾ' ಅನ್ನೋ ಪದ ಕಂಡ ಕಡೆಯೆಲ್ಲ ಹೆದರಿ ಇಳಿಸ್ತಾನೆ. ಅಲ್ಲಿಗೆ ಆಟದ ಮುಖಕ್ಕೇ ಮೇಣ. ನಿಜ ಏನಂದ್ರೆ 1080ಪಿ ರೆಸಲ್ಯೂಷನ್‌ನಲ್ಲಿ ಅಲ್ಟ್ರಾ ಟೆಕ್ಸ್ಚರ್ 4 ಜಿಬಿಯಲ್ಲಿ ಇಕ್ಕಟ್ಟಾಗಿಯಾದರೂ ಕೂರುತ್ತೆ. ಕನ್ಸೋಲಿನಲ್ಲಿ ಆಡಿದವರು ನೋಡಿದ್ದೂ ಅದನ್ನೇ. ಹಾಗಾದರೆ ಅದಕ್ಕೆ 'ಅಲ್ಟ್ರಾ' ಅಂತ ಯಾಕೆ ಹೆಸರಿಟ್ರಿ ಸ್ವಾಮಿ? ಅದು ಆಟದ ಸಹಜ ರೂಪ.

ಈ ಹೆಸರುಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಡಿಜಿಟಲ್ ಫೌಂಡ್ರಿಯವರು ಪಿಸಿ ಆವೃತ್ತಿ ಬಂದಾಗ ಎಕ್ಸ್‌ಬಾಕ್ಸ್ ಒನ್ ಎಕ್ಸ್ ಜೊತೆ ಹೋಲಿಸಿ ನೋಡಿದ್ದರು. ಕನ್ಸೋಲಿನಲ್ಲಿ ಇದ್ದದ್ದು ಲೋ, ಮೀಡಿಯಂ, ಹೈ, ಅಲ್ಟ್ರಾಗಳ ಮಿಶ್ರಣ. ಕೆಲವು ಕಡೆ ಪಿಸಿಯ 'ಲೋ'ಗಿಂತಲೂ ಕೆಳಗೆ. 2018ರಲ್ಲಿ ಜಗತ್ತೆಲ್ಲ ಬಾಯಿಗೆ ಬೆರಳಿಟ್ಟು ನೋಡಿದ ಆಟ ಅದು, ಎಲ್ಲರೂ ಹತ್ತಕ್ಕೆ ಹತ್ತು ಕೊಟ್ಟದ್ದು ಅದಕ್ಕೆ. ಒಂದು ವರ್ಷ ಬಿಟ್ಟು ಪಿಸಿಗೆ ಬಂದಾಗ ಅದೇ ರೂಪಕ್ಕೆ 'ಲೋ' ಅಂತ ಚೀಟಿ ಅಂಟಿಸಿದರು. ಚೀಟಿ ನೋಡಿದವನಿಗೆ ತನ್ನ ಹತ್ತಿರ ಇರೋದು ಕಳಪೆ ಅನಿಸುತ್ತೆ. ಅನಿಸಬೇಕು ಅಂತಲೇ ಈ ಮೆನುಗಳು ಇವೆಯೇನೋ ಅನ್ನೋ ಗುಮಾನಿ ನನಗೆ ಮೊದಲಿಂದ ಇದೆ.

ನಮ್ಮ ಹುಡುಗನ ತಲೆಯಲ್ಲಿ ಆಗಿದ್ದೂ ಅದೇ. ಡಿಗ್ರಿ ಮುಗಿಸಿ, ಬ್ಲೆಂಡರ್ ಕಲಿಯುತ್ತಾ, ಬೆಂಗಳೂರಿನ ಯಾವುದಾದರೂ ಸ್ಟುಡಿಯೋದಲ್ಲಿ ಮಾಡೆಲಿಂಗ್ ಕೆಲಸ ಹಿಡೀಬೇಕು ಅನ್ನೋ ಆಸೆ. ಆ ಕಾರಣ ಹೇಳಿಯೇ ಪಿಸಿ ಬಂದದ್ದು, ಅದಕ್ಕೆ ಹೋದದ್ದು ಒಂದು ವರ್ಷದ ಕೊಬ್ಬರಿ ದುಡ್ಡಿನ ದೊಡ್ಡ ಪಾಲು. ಈಗ ಕಾರ್ಡ್ ಮಾರಿ, ಮೇಲೆ ಇನ್ನಷ್ಟು ಹಾಕಿ ಬೇರೆ ತರ್ತೀನಿ ಅಂತ ಶುರುವಾಗಿತ್ತು. ಚಿಕ್ಕಪ್ಪ ನನ್ನ ಕರೆದು ಕೇಳಿದ್ದು ಒಂದೇ ಮಾತು: "ಆಗ್ಲೇ ಹಳೇದಾಯ್ತೇನಪ್ಪ ಅದು? ಫ್ಯಾನು ತಿರುಗ್ತಾನೇ ಐತಲ್ಲ." ತೆಂಗಿನ ಮರ ಹಾಕಿ ಐದಾರು ವರ್ಷ ಕಾಯೋ ಮನುಷ್ಯನಿಗೆ ಎರಡು ವರ್ಷಕ್ಕೆ ಮುದಿಯಾಗುವ ವಸ್ತು ಅರ್ಥವಾಗಲ್ಲ. ಅವರ ಪ್ರಶ್ನೆಗೆ ಉತ್ತರ ಕೊಡೋದು ವಿಮರ್ಶಕನ ಕೆಲಸವೇ ಅಂತ ನಾನು ಅಂದುಕೊಂಡಿದ್ದೀನಿ. ಈ ಕಾರ್ಡಿನಲ್ಲಿ ಆಟ ಉಳಿಯುತ್ತೋ ಇಲ್ಲವೋ?

ಉಳಿಯುತ್ತೆ. ಟೆಕ್ಸ್ಚರ್ ಅಲ್ಟ್ರಾ, ಉದ್ದ ನೆರಳು ಆನ್, ಬೆಳಕು ಮತ್ತು ನೆರಳು ಮೀಡಿಯಂ ಹೈ ನಡುವೆ, ಮಂಜು ಮೀಡಿಯಂ, ನೀರು ಅರ್ಧ, ಪ್ರತಿಬಿಂಬ ಕೆಳಗೆ, ಎಂಎಸ್‌ಎಎ ಆಫ್, ಟಿಎಎ ಮಾತ್ರ. ಹೀಗಿಟ್ಟರೆ ಬಯಲಿನಲ್ಲಿ ಸೆಕೆಂಡಿಗೆ 45 ಫ್ರೇಮಿನ ಆಸುಪಾಸು. ಸೇಂಟ್ ಡೆನಿಸ್ ಪಟ್ಟಣದಲ್ಲಿ ಅದಕ್ಕಿಂತ ಕೆಳಗೆ, ಜೊತೆಗೆ ಆಗಾಗ ಗಕ್ಕನೆ ನಿಲ್ಲುವ ಕಾಯಿಲೆ. ಹಾರ್ಟ್‌ಲ್ಯಾಂಡ್ಸ್‌ನ ದಿಣ್ಣೆಯ ಮೇಲೆ ಸಂಜೆ ಕುದುರೆ ನಿಲ್ಲಿಸಿ ನೋಡಿದರೆ ಇದು ಬಡವರ ಆವೃತ್ತಿ ಅಂತ ಯಾರೂ ಹೇಳಲ್ಲ. ಮೋಡದ ಕೆಳಗೆ ಬೆಳಕು ಹರಿದು ಬರುವ ರೀತಿ, ದೂರದ ಮಳೆ, ಹುಲ್ಲಿನ ಮೇಲೆ ಎಳೆದ ನೆರಳು, ಎಲ್ಲ ಇದೆ. ಯಾಕಂದ್ರೆ ಇವು ಚಿತ್ರಕಾರನ ತೀರ್ಮಾನಗಳು. ಎಲ್ಲಿ ಬೆಟ್ಟ ಇಡಬೇಕು, ದಾರಿ ಎಲ್ಲಿ ತಿರುಗಿದಾಗ ಸೂರ್ಯ ಎದುರಿಗೆ ಬರಬೇಕು ಅನ್ನೋದಕ್ಕೆ ಜಿಬಿ ಲೆಕ್ಕ ಇಲ್ಲ.

ಸೋಲುವ ಕಡೆ ಸೋಲುತ್ತೆ, ಅದನ್ನೂ ಹೇಳಬೇಕು. ಟಿಎಎ ಅನ್ನೋದು ಹಿಂದಿನ ಫ್ರೇಮುಗಳನ್ನು ಬೆರೆಸಿ ಅಂಚು ಒರೆಸುವ ತಂತ್ರ. ಹೆಚ್ಚು ರೆಸಲ್ಯೂಷನ್ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತೆ. 1080ಪಿಯಲ್ಲಿ ಇಡೀ ಆಟಕ್ಕೆ ತೆಳುವಾಗಿ ಎಣ್ಣೆ ಹಚ್ಚಿದ ಹಾಗೆ ಕಾಣುತ್ತೆ. ಕೂದಲು, ಗಡ್ಡಗಳನ್ನು ಈ ಆಟ ಚುಕ್ಕಿ ಚುಕ್ಕಿಯಾಗಿ ಬಿಡಿಸಿ, ಟಿಎಎ ಅದನ್ನು ಬೆರೆಸಿಕೊಳ್ಳಲಿ ಅಂತ ಬಿಡುತ್ತೆ. ಕಡಿಮೆ ಪಿಕ್ಸೆಲ್ಲಿನಲ್ಲಿ ಆ ಬೆರಕೆ ಆಗಲ್ಲ. ಗಂಭೀರವಾದ ಮಾತುಕತೆಯ ನಡುವೆ ಆರ್ಥರ್‌ನ ಗಡ್ಡ ಮರಳು ಮರಳಾಗಿ ಜುಮುಗುಡುತ್ತೆ. ಮುಖದ ಅಭಿನಯದ ಮೇಲೆ ನಿಂತ ಆಟದಲ್ಲಿ ಇದು ಸಣ್ಣ ನಷ್ಟ ಅಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಈ ಆಟಕ್ಕೆ ಎಫ್‌ಎಸ್‌ಆರ್ 2 ಬಂತು. ಅಪ್‌ಸ್ಕೇಲಿಂಗ್, ಅಂದರೆ ಚಿಕ್ಕದಾಗಿ ಚಿತ್ರ ಬಿಡಿಸಿ ದೊಡ್ಡದು ಮಾಡಿ ತೋರಿಸೋದು. ಎನ್ವಿಡಿಯಾದ್ದೇ ಡಿಎಲ್‌ಎಸ್‌ಎಸ್ ಹಿಂದಿನ ವರ್ಷವೇ ಬಂದಿತ್ತು, ಆದರೆ ಅದು ಆರ್‌ಟಿಎಕ್ಸ್ ಕಾರ್ಡುಗಳಿಗೆ ಮಾತ್ರ. ಅದೇ ಮನೆಯ 1650ಕ್ಕೆ ಒಳಗೆ ಬಿಡಲಿಲ್ಲ. ಎದುರಾಳಿ ಎಎಂಡಿ ಮಾಡಿದ ಎಫ್‌ಎಸ್‌ಆರ್ ಎಲ್ಲರ ಕಾರ್ಡಿನಲ್ಲೂ ಓಡುತ್ತೆ, ಕೋಡನ್ನೂ ಮುಕ್ತವಾಗಿ ಬಿಟ್ಟಿದ್ದಾರೆ. ಅಪ್ಪನ ಮನೆಯಲ್ಲಿ ಊಟ ಹಾಕದವನಿಗೆ ಪಕ್ಕದ ಮನೆಯವರು ಕರೆದು ಬಡಿಸಿದ ಹಾಗೆ. ಆದರೆ ಬಡಿಸಿದ್ದು ಏನು ಅಂತ ನೋಡಿ. 1080ಪಿಗೆ 'ಕ್ವಾಲಿಟಿ' ಮೋಡ್ ಇಟ್ಟರೆ ಒಳಗೆ ಬಿಡಿಸೋದು 1280x720. 4ಕೆ ಟಿವಿ ಇದ್ದವನಿಗೆ ಇದೇ ತಂತ್ರ ವರ, ಒಳಗೆ 1440 ಸಾಲು ಇರುತ್ತೆ. ನಮಗೆ 720 ಸಾಲು. ಫ್ರೇಮ್ ಏರುತ್ತೆ, ನಿಜ. ಹುಲ್ಲು ಮಿನುಗುತ್ತೆ, ಗಡ್ಡ ಇನ್ನಷ್ಟು ಹಾಳು.

ಇಲ್ಲಿ ನನಗೂ ತಮ್ಮನಿಗೂ ಜಗಳ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೆ, ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ. ಸಿಂಕ್ ಆನ್ ಇದ್ದು ಕಾರ್ಡ್ 45 ಕೊಟ್ಟರೆ ಕೆಲವು ಚಿತ್ರ 16.7, ಕೆಲವು 33.3 ಮಿಲಿಸೆಕೆಂಡ್ ನಿಲ್ಲುತ್ತವೆ. ಕಣ್ಣಿಗೆ ಅದು ಕುಂಟು ಕುದುರೆ. ಹಾಗಾಗಿ ಒಂದೋ 60 ಮುಟ್ಟಬೇಕು, ಇಲ್ಲ 30ಕ್ಕೆ ಕಟ್ಟಿಹಾಕಬೇಕು. ಅವನು ಎಫ್‌ಎಸ್‌ಆರ್ ಹಾಕಿ, ಅರ್ಧ ಸೆಟ್ಟಿಂಗ್ ಕೆಳಗಿಳಿಸಿ 60 ಕಡೆ. ನಾನು 30ರ ಕಡೆ. ಕನ್ಸೋಲಿನಲ್ಲಿ ಈ ಆಟ ಹುಟ್ಟಿದ್ದೇ 30ರಲ್ಲಿ. ಆರ್ಥರ್ ಡ್ರಾಯರ್ ತೆಗೆಯೋದು, ಸತ್ತ ಜಿಂಕೆಯನ್ನು ಹೆಗಲಿಗೆ ಹಾಕೋದು, ಕುದುರೆ ಮೈ ತಿಕ್ಕೋದು, ಎಲ್ಲಕ್ಕೂ ಒಂದು ಭಾರ ಇದೆ, ನಿಧಾನ ಇದೆ. 30ರಲ್ಲಿ ಅಲುಗಾಡದೆ ನಿಂತ ಚಿತ್ರಕ್ಕೆ ಆ ನಿಧಾನ ಒಪ್ಪುತ್ತೆ, ಬೆಳಕೂ ಪೂರ್ತಿ ಉಳಿಯುತ್ತೆ. ಕಾರ್ಡಿಗೂ ಅರ್ಧ ಕೆಲಸ. ಏಪ್ರಿಲ್ ಮಧ್ಯಾಹ್ನ ಶೀಟ್ ಮನೆಯಲ್ಲಿ ಕೂತು ಆಡಿದವರಿಗೆ ಇದರ ಬೆಲೆ ಗೊತ್ತು, ಫ್ಯಾನ್ ಚೀರೋದು ನಿಲ್ಲುತ್ತೆ. "ಗುರಿ ಇಡಕ್ಕಾಗಲ್ಲ ಅಣ್ಣ, ಕೈ ಒಂದ್ ಕಡೆ ಗನ್ ಒಂದ್ ಕಡೆ" ಅಂತಾನೆ. ಗುಂಡಿನ ಕಾಳಗದಲ್ಲಿ ಅವನ ಮಾತು ಸರಿ. 30ರಲ್ಲಿ ಮೌಸ್ ತಡವಾಗಿ ಸ್ಪಂದಿಸುತ್ತೆ. ಆದರೆ ಇದು ಗುಂಡಿನ ಆಟಕ್ಕಿಂತ ಹೆಚ್ಚಾಗಿ ಸವಾರಿಯ ಆಟ ಅನ್ನೋದು ನನ್ನ ಓದು, ಅದನ್ನ ಬಿಟ್ಟುಕೊಡಲ್ಲ.

ಒಂದು ಆಟವನ್ನು ಹೀಗೆ ಕೆಳಗಿನಿಂದ ಓದಿದ ಮೇಲೆ ಹೊಸ ಆಟಗಳ 'ಬೇಕಾಗುವ ಯಂತ್ರ' ಪಟ್ಟಿಗಳು ಬೇರೆ ಥರ ಕಾಣ್ತವೆ. ರೆಡ್ ಡೆಡ್‌ನ ಪಟ್ಟಿಯಲ್ಲಿ ಕನಿಷ್ಠ ಅಂದರೆ ಜಿಟಿಎಕ್ಸ್ 770, ಶಿಫಾರಸು ಅಂದರೆ ಜಿಟಿಎಕ್ಸ್ 1060. ಅಲ್ಲಿಗೆ ಮಾತು ಮುಗೀತು. 2023ರ ಅಲನ್ ವೇಕ್ 2 ತನ್ನ ಕನಿಷ್ಠ ಪಟ್ಟಿಯಲ್ಲೇ ಅಪ್‌ಸ್ಕೇಲಿಂಗನ್ನು ಸೇರಿಸಿಕೊಂಡು ಲೆಕ್ಕ ಹೇಳಿತು. 2025ರ ಮಾನ್ಸ್ಟರ್ ಹಂಟರ್ ವೈಲ್ಡ್ಸ್ ಇನ್ನೂ ಮುಂದೆ ಹೋಯ್ತು. ಅದರ ಶಿಫಾರಸಿನ ಯಂತ್ರದಲ್ಲಿ 1080ಪಿಗೆ 60 ಫ್ರೇಮ್ ಬರೋದು ಫ್ರೇಮ್ ಜನರೇಷನ್ ಆನ್ ಮಾಡಿದರೆ. ಅಂದರೆ ನಡುನಡುವೆ ಊಹೆಯ ಚಿತ್ರ ತುಂಬಿಸಿ. ಆ ತಂತ್ರವನ್ನು ಮಾಡಿದ ಎಎಂಡಿಯೇ ಮೊದಲು 60ರ ಹತ್ತಿರ ನಿಜವಾದ ಫ್ರೇಮ್ ಇರಲಿ, ಆಮೇಲೆ ಇದನ್ನು ಬಳಸಿ ಅನ್ನುತ್ತೆ. ಊರುಗೋಲನ್ನೇ ಕಾಲು ಅಂತ ಲೆಕ್ಕ ಹಾಕೋದು ಇದು.

ಇದಕ್ಕಿಂತ 2024ರ ಇಂಡಿಯಾನಾ ಜೋನ್ಸ್ ಆಟ ನನಗೆ ಮರ್ಯಾದಸ್ತ ಅನಿಸುತ್ತೆ. ರೇ ಟ್ರೇಸಿಂಗ್ ಹಾರ್ಡ್‌ವೇರ್ ಕಡ್ಡಾಯ, ಇಲ್ಲದ ಕಾರ್ಡಿಗೆ ಜಾಗ ಇಲ್ಲ ಅಂತ ಬಾಗಿಲಲ್ಲೇ ಹೇಳಿಬಿಡ್ತು. ಬೇಜಾರಾಗುತ್ತೆ, ಆದರೆ ದುಡ್ಡು ಉಳಿಯುತ್ತೆ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ದ ಲಾಸ್ಟ್ ಆಫ್ ಅಸ್ ಪಾರ್ಟ್ 1 ಬಾಗಿಲು ತೆರೆದು ಒಳಗೆ ಕರೆದು ಕೆಸರು ತೋರಿಸಿತು. 8 ಜಿಬಿ ಕಾರ್ಡ್ ಇದ್ದವರೂ ಟೆಕ್ಸ್ಚರ್ ಇಳಿಸಬೇಕಾಗಿ ಬಂತು, ಇಳಿಸಿದರೆ ಗೋಡೆಗಳು ಕಲಸಿಹೋದವು. ಆಮೇಲೆ ಪ್ಯಾಚ್ ಮೇಲೆ ಪ್ಯಾಚ್ ಬಂದು ಅದೇ ಮೀಡಿಯಂ ಟೆಕ್ಸ್ಚರ್ ನೋಡುವ ಹಾಗೆ ಆಯ್ತು. ಕಾರ್ಡ್ ಅದೇ, ಮೆಮೊರಿ ಅದೇ. ಬದಲಾದದ್ದು ಯಾರೋ ಕೂತು ಆ ಕೆಳಗಿನ ಮೆಟ್ಟಿಲಿನ ಕೆಲಸವನ್ನೂ ಮಾಡಿದ್ದು. ಕೆಳಗಿನ ಸೆಟ್ಟಿಂಗ್ ತಾನಾಗಿ ಹುಟ್ಟಲ್ಲ. ಅದನ್ನೂ ಒಬ್ಬ ಕಲಾವಿದ ನೋಡಿ, ಎಷ್ಟು ತೆಗೆದರೆ ಇದು ಇನ್ನೂ ಇದೇ ಆಗಿರುತ್ತೆ ಅಂತ ತೀರ್ಮಾನ ಮಾಡಬೇಕು. ರೆಡ್ ಡೆಡ್‌ನಲ್ಲಿ ಆ ಕೆಲಸ ಬೆಳಕಿಗೆ ಆಗಿದೆ, ಟೆಕ್ಸ್ಚರಿಗೆ ಆಗಿಲ್ಲ, ಮೆನುವಿಗಂತೂ ಯಾರೂ ಕೈ ಹಾಕಿಲ್ಲ.

ಮಾಡೆಲಿಂಗ್ ಕಲೀತಿರುವ ನಮ್ಮ ಹುಡುಗನಿಗೆ ಈ ಮಾತು ತಟ್ಟಿತು. ತಾನು ಬ್ಲೆಂಡರಿನಲ್ಲಿ ಮಾಡಿದ ಎತ್ತಿನ ಗಾಡಿಯ ಮಾಡೆಲ್ ತೆಗೆದು, ಚಕ್ರದ ಕಡ್ಡಿಗಳ ಪಾಲಿಗನ್ ಅರ್ಧಕ್ಕೆ ಇಳಿಸಿ, ದೂರದಿಂದ ನೋಡಿದರೆ ಗಾಡಿ ಅಂತ ಗೊತ್ತಾಗುತ್ತಾ ಅಂತ ಪರೀಕ್ಷೆ ಮಾಡ್ತಾ ಕೂತ. ಮೂರನೇ ಸಲಕ್ಕೆ ಚಕ್ರ ಹೋಗಿ ಚಕ್ಕುಲಿ ಆಗಿತ್ತು. ವಾಪಸ್ ಒಂದು ಹಂತ ಏರಿಸಿದ.

ಕಾರ್ಡ್ ಮಾರಲಿಲ್ಲ. ಅದರ ಬದಲು ಇನ್ನೊಂದು 8 ಜಿಬಿ ರ್‍ಯಾಮ್ ಕಡ್ಡಿ ತರಿಸಿದ್ವಿ. ರಾಕ್‌ಸ್ಟಾರ್ ಶಿಫಾರಸು 12 ಜಿಬಿ, ಇವನ ಹತ್ತಿರ 8 ಇತ್ತು, ಅದೂ ಒಂದೇ ಚಾನೆಲ್‌ನಲ್ಲಿ. ಎರಡು ಕಡ್ಡಿ ಆದ ಮೇಲೆ ಸರಾಸರಿ ಫ್ರೇಮ್ ದೊಡ್ಡದಾಗಿ ಏರಲಿಲ್ಲ, ಆದರೆ ಸೇಂಟ್ ಡೆನಿಸ್‌ನ ಟ್ರಾಮ್ ಬೀದಿಯಲ್ಲಿ ಗಕ್ಕನೆ ನಿಲ್ಲೋದು ಹೆಚ್ಚುಕಮ್ಮಿ ಹೋಯ್ತು. ಹೊಸ ಕಾರ್ಡಿಗೆ ಆಗುತ್ತಿದ್ದ ಖರ್ಚಿನಲ್ಲಿ ಒಂದು ಚೂರು. ಚಿಕ್ಕಪ್ಪ ಬಂದು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ತೆರೆಯ ಮೇಲೆ ಸಂಜೆಯಾಗ್ತಿತ್ತು, ಆರ್ಥರ್ ಕುದುರೆಗೆ ಮೇವು ತಿನ್ನಿಸ್ತಿದ್ದ. "ಈ ಕುದ್ರೆ ಚೆನ್ನಾಗೈತೆ ಕಣ್ಲಾ" ಅಂದು ತೋಟದ ಮೋಟರ್ ಹಾಕೋಕೆ ಹೋದರು. ಕರೆಂಟ್ ಬಂದು ಆಗಲೇ ಹತ್ತು ನಿಮಿಷ ಆಗಿತ್ತು.